ಸೀಟಿನ ಕೆಳಗೆ ಉರಿಯುತ್ತಿದ್ದ ದೀಪ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಇವಳೇ,

ನೀನು ಅಕ್ಕನ ಮನೆ ಸುಖವಾಗಿ ಸೇರಿದ್ದು ಫೋನಿನಲ್ಲೇ ಗೊತ್ತಾಯಿತು. ಆದರೂ ಕಾಗದ ಎಂದಮೇಲೆ ಕ್ಷೇಮ ಕೇಳದೆ ಶುರುಮಾಡಲು ನನಗೆ ಬರುವುದಿಲ್ಲ. ನಿದ್ದೆ ಬರುತ್ತಿದೆಯೇ? ಅಲ್ಲಿನ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ, ನೋಡಿಕೊಂಡು ಇಳಿ. ದಿನಾ ಫೋನಿನಲ್ಲಿ ಮಾತಾಡುವ ಮನುಷ್ಯ ಇದ್ದಕ್ಕಿದ್ದ ಹಾಗೆ ಕಾಗದ ಯಾಕೆ ಬರೆದ ಎಂದು ಗಾಬರಿ ಆಗಬೇಡ. ಮಗಳು ಚೆನ್ನಾಗಿದ್ದಾಳೆ, ಮನೆ ಇದ್ದ ಜಾಗದಲ್ಲೇ ಇದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ನಾಲಿಗೆ ಹೊರಳುವುದಿಲ್ಲ, ಅದಕ್ಕೇ ಕಾಗದ.

ಇರುವುದು ಒಂದೇ ಸುದ್ದಿ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಸುತ್ತಿ ಹಾಳೆ ಮುಗಿಸುತ್ತೇನೆ. ನಮ್ಮ ಕಾರಿನ ಬ್ಯಾಟರಿ ಮತ್ತೆ ಮತ್ತೆ ಸತ್ತದ್ದು ನೀನು ಲೈಟು ಆರಿಸಲು ಮರೆತದ್ದರಿಂದಲ್ಲ. ನೀನು ಒಂದು ಸಲವೂ ಮರೆತಿಲ್ಲ. ಅದು ನನ್ನ ಕೆಲಸ.

ಇನ್ನೊಮ್ಮೆ ಓದು. ಆಮೇಲೆ ಮುಂದಕ್ಕೆ ಹೋಗು.

ನನ್ನ ಹ್ಯಾಮ್ ರೇಡಿಯೋ ನೆನಪಿದೆಯಲ್ಲ? ಮಹಡಿಯ ಮೇಲೆ ಕಂಬ ನಿಲ್ಲಿಸಿ, ತಂತಿ ಎಳೆದು, ಊರೂರಿನವರ ಜೊತೆ ಮಾತಾಡುತ್ತಿದ್ದೆ. ತನ್ನ ಟೀವಿಯಲ್ಲಿ ಗೆರೆ ಬರುತ್ತದೆ ಎಂದು ಕೆಳಮನೆಯವನು ಜಗಳ ತೆಗೆದ. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತು ನೋಡಿತು. ಅವತ್ತು ನೀನು, "ಇನ್ನೊಂದು ತಂತಿ ಈ ಮನೆ ಮೇಲೆ ಕಂಡ್ರೆ, ತಂತಿ ಜೊತೆ ನಿಮ್ಮನ್ನೂ ಗುಜರಿಗೆ ಹಾಕ್ತೀನಿ" ಎಂದೆ. ನಾನು ನಿನ್ನ ಕೈ ಹಿಡಿದು, ಇನ್ನು ಇಲ್ಲ ಎಂದು ಮಾತು ಕೊಟ್ಟೆ. ಸೆಟ್ಟು ಮಾರಿಬಿಟ್ಟೆ ಎಂದೂ ಹೇಳಿದೆ. ಮಾರಿರಲಿಲ್ಲ. ಅದು ನನ್ನ ಸೀಟು ಹೊಲಿಯುವ ಅಂಗಡಿಯಲ್ಲಿ ಸ್ಪಂಜಿನ ರಾಶಿಯೊಳಗೆ ಮಲಗಿತ್ತು.

ಬಿಡಲಿಕ್ಕೆ ಆಗಲಿಲ್ಲ ಕಣೇ. ಆರನೇ ಕ್ಲಾಸಿಗೆ ಸ್ಲೇಟು ಬಿಸಾಕಿದವನು ನಾನು. ಕಾರಿನ ಸೀಟು ಹೊಲಿಯಿಸಿಕೊಳ್ಳಲು ಬರುವವರು ನನ್ನ ಜೊತೆ ಮಾತಾಡುವುದು ರೆಕ್ಸಿನ್ನಿನ ಬಣ್ಣದ ಬಗ್ಗೆ ಮಾತ್ರ. ಅಲ್ಲಿ ರೇಡಿಯೋದಲ್ಲಿ ಯಾರೂ ಎಷ್ಟು ಓದಿದ್ದೀ ಎಂದು ಕೇಳುವುದಿಲ್ಲ. ನಿಮ್ಮ ದನಿ ಸ್ಪಷ್ಟವಾಗಿ ಕೇಳುತ್ತಿದೆ, ಹೇಳಿ ಎನ್ನುತ್ತಾರೆ. ಹಾಗೆ ಹೇಳಿಸಿಕೊಳ್ಳುವುದಕ್ಕೆ ನಾನು ಆಸೆಪಟ್ಟೆ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವನು, ಕಳ್ಳ ರೇಡಿಯೋ ಅಲ್ಲ. ಸರ್ಕಾರಕ್ಕೆ ಗೊತ್ತಿತ್ತು, ಹೆಂಡತಿಗೆ ಗೊತ್ತಿರಲಿಲ್ಲ, ಅಷ್ಟೇ.

ಮನೆಯ ಮೇಲೆ ತಂತಿ ಬೇಡ ಎಂದೆಯಲ್ಲ, ಕಾರಿನ ಮೇಲೆ ಬೇಡ ಎಂದಿರಲಿಲ್ಲ. ಎಂಥ ಕೊಳಕು ಲೆಕ್ಕ ನೋಡು. ನೀನು ಅಕ್ಕನ ಮಗಳ ಮದುವೆಗೆ ಹೋಗಿದ್ದಾಗ ಕಾರನ್ನು ಅಂಗಡಿಗೆ ತಂದು ಷಟರ್ ಅರ್ಧ ಎಳೆದುಕೊಂಡೆ. ಹಾಡು ಕೇಳುವ ರೇಡಿಯೋದ ಕಡ್ಡಿಯನ್ನು ಬಿಚ್ಚಿ, ಅದೇ ತೂತಿನಲ್ಲಿ ನನ್ನ ಆಂಟೆನಾ ಕೂರಿಸಿದೆ. ಕೇಬಲ್ಲನ್ನು ಚಾವಣಿಯ ಬಟ್ಟೆಯೊಳಗೆ ತೂರಿಸಿ, ಬಾಗಿಲ ಪಕ್ಕದಿಂದ ಇಳಿಸಿ, ಕಾಲೊರೆಸುವ ಚಾಪೆಯ ಅಡಿಗೆ ತಂದು, ನೀನು ಕೂರುವ ಸೀಟಿನ ಕೆಳಗೆ ಸೆಟ್ಟು ಇಟ್ಟೆ. ಕರೆಂಟಿನ ವಯರನ್ನು ನೇರ ಬ್ಯಾಟರಿಗೆ ಕೊಟ್ಟೆ. ಬಿಚ್ಚಿದ ಹೊಲಿಗೆಯನ್ನು ಹಳೆಯ ತೂತುಗಳಲ್ಲೇ, ಅದೇ ಬೂದು ದಾರದಲ್ಲಿ ಮತ್ತೆ ಹಾಕಿದೆ. ಅಷ್ಟು ಅಚ್ಚುಕಟ್ಟಾಗಿ ಯಾವ ಗಿರಾಕಿಗೂ ಹೊಲಿದವನಲ್ಲ ನಾನು.

ನೀನು ಬಂದವಳೇ, "ಇದೇನ್ರೀ, ಕಾರಿಗೆ ಮೀಸೆ ಬೆಳೆದಿದೆ?" ಎಂದೆ. ನಾನು, ಹಳೆಯದು ತುಕ್ಕು ಹಿಡಿದಿತ್ತು, ಬದಲಾಯಿಸಿದೆ ಎಂದೆ. ಆಮೇಲೆ ಹಾಡು ಬರುವುದೇ ನಿಂತಿತು. ಮೀಸೆ ಬೋಳಿಸಿ, ಹಳೇದೇ ವಾಸಿ ಇತ್ತು ಎಂದು ನೀನು ಅಂದೆ. ಮಗಳು ನಕ್ಕಳು. ನಾನೂ ನಕ್ಕೆ.

ಈಗ ನಿಜವಾದ ತಪ್ಪಿಗೆ ಬರುತ್ತೇನೆ. ಸೆಟ್ಟಿಗೆ ಒಂದು ಸಣ್ಣ ದೀಪ ಇದೆ. ಸಂಜೆ ನೀನು ಗಾಡಿ ಓಡಿಸುವಾಗ ಕಾಲ ಹತ್ತಿರ ಹಸಿರಾಗಿ ಹೊಳೆದರೆ ಸಿಕ್ಕಿಬೀಳುತ್ತೇನೆ ಎಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿದೆ. ನಿನಗೆ ಕಾಣಬಾರದು ಎಂದು ಅಂಟಿಸಿದ್ದು, ನನಗೂ ಕಾಣದೆ ಹೋಯಿತು. ತರಕಾರಿ ತರುತ್ತೇನೆ, ಟೈರಿಗೆ ಗಾಳಿ ಹಾಕಿಸಿಕೊಂಡು ಬರುತ್ತೇನೆ ಎಂದು ಕಾರು ತೆಗೆದುಕೊಂಡು ಹೋಗಿ, ಕೆರೆ ಏರಿಯ ಮೇಲೆ ನಿಲ್ಲಿಸಿ, ಒಂದಷ್ಟು ಮಾತಾಡಿ ಬರುತ್ತಿದ್ದೆನಲ್ಲ, ಬರುವಾಗ ಸೆಟ್ಟು ಆರಿಸಿದೆನೋ ಇಲ್ಲವೋ ಹೇಳುವವರು ಯಾರು? ಅದು ಬ್ಯಾಟರಿಯನ್ನು ಹೀರುತ್ತಾ ಕೂರುತ್ತಿತ್ತು.

ಮೊದಲ ಸಲ ಗಾಡಿ ಸ್ಟಾರ್ಟ್ ಆಗದಿದ್ದಾಗ ನೀನು, "ಹಿಂದಿನ ಲೈಟು ಹಾಗೇ ಬಿಟ್ಟೆ ಅನ್ಸುತ್ತೆ ರೀ" ಎಂದೆ. ನಾನು "ಇರಬಹುದು" ಎಂದೆ. ಆಣೆಗೂ ಆಗ ನನಗೆ ಗೊತ್ತಿರಲಿಲ್ಲ. ಎರಡನೇ ಸಲ ನೀನು ಮನೆಯೊಳಗೆ ಹೋದ ಮೇಲೆ ಸೀಟಿನ ಕೆಳಗೆ ಕೈ ಹಾಕಿದೆ. ಸೆಟ್ಟು ಬೆಚ್ಚಗಿತ್ತು. ಗೊತ್ತಾಯಿತು. ಒಳಗೆ ಬಂದೆ. ನೀನು ತಟ್ಟೆ ಹಾಕುತ್ತಾ, "ಎಷ್ಟು ನೋಡ್ಕೊಂಡ್ರೂ ಹೀಗಾಗುತ್ತಲ್ಲ" ಎಂದೆ. ವಯಸ್ಸಾಯ್ತಲ್ಲ, ಎಲ್ಲರಿಗೂ ಆಗುತ್ತೆ ಎಂದು ಹೇಳಿ ಊಟಕ್ಕೆ ಕೂತೆ. ಆ ತುತ್ತು ಹೇಗೆ ಇಳಿಯಿತೋ ಗೊತ್ತಿಲ್ಲ. ಇಳಿಯಿತು.

ಮೂರನೆಯದು ನಿನಗೇ ಗೊತ್ತು. ನಿನ್ನ ಶಿಶುವಿಹಾರದ ಎರಡು ಮಕ್ಕಳನ್ನು ಮನೆಗೆ ಬಿಡಲು ಹೊರಟವಳು ಔಷಧಿ ಅಂಗಡಿಯ ಮುಂದೆ ಸಿಕ್ಕಿಹಾಕಿಕೊಂಡೆ. ನಾನು ಇನ್ನೊಂದು ಬ್ಯಾಟರಿ ಹೊತ್ತುಕೊಂಡು ಓಡಿಬಂದಾಗ ಮಕ್ಕಳು ಬಿಸಿಲಿಗೆ ಕೆಂಪಾಗಿದ್ದವು. ಒಂದು ಅಳುತ್ತಿತ್ತು. ನೀನು ಕಟ್ಟೆಯ ಮೇಲೆ ಕೂತು, "ಅಮ್ಮಂಗೂ ಹೀಗೇ ರೀ ಶುರುವಾಗಿದ್ದು" ಎಂದೆ. ಕೊನೆಗೆ ನಿಮ್ಮಮ್ಮ ಗುರುತು ಸಿಗದೆ ನಿನ್ನನ್ನು ನರ್ಸಮ್ಮ ಎಂದು ಕರೆಯುತ್ತಿದ್ದುದು ನನ್ನ ಕಣ್ಣ ಮುಂದೆ ಬಂತು. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಮಾಡಿದ್ದೇನು? ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ಸೆಟ್ಟು ಆರಿಸಿದೆ. ಏನು ಹುಡುಕುತ್ತಿದ್ದೀರಿ ಎಂದು ನೀನು ಕೇಳಿದೆ. ಏನಿಲ್ಲ ಎಂದು ನಾನೆಂದೆ.

ಅವತ್ತಿನಿಂದ ನೀನು ಕಾರಿನ ಕೀಲಿ ಮುಟ್ಟಲಿಲ್ಲ. ಶಿಶುವಿಹಾರದ ದೊಡ್ಡ ಮೇಡಂಗೆ ಇನ್ನು ಮಕ್ಕಳನ್ನು ಕರೆದೊಯ್ಯುವುದಿಲ್ಲ, ಕೆಲಸವೂ ಬಿಡುತ್ತೇನೆ ಎಂದು ಹೇಳಿದೆಯಂತೆ. ಅದನ್ನೂ ತಡೆದುಕೊಂಡೆ ನೋಡು, ಅಷ್ಟು ಹೇಡಿ. ಆದರೆ ನೀನು ಹೊರಟ ದಿನ ಮಗಳು ಬಂದು, "ಅಪ್ಪಾ, ಅಮ್ಮ ಒಲೆ ಮುಂದೆ ನಿಂತು ಶಿಶುವಿಹಾರದ ಮಕ್ಕಳ ಹೆಸರೆಲ್ಲ ಒಂದೊಂದಾಗಿ ಹೇಳ್ಕೋತಿರ್ತಾಳೆ. ಆಮೇಲೆ ನನ್ನ ಹುಟ್ಟಿದ ದಿನ ಹೇಳ್ತಾಳೆ. ನೀನು ಕೇಳಿಲ್ವಾ?" ಎಂದಳು. ಕೇಳಿದ್ದೆ. ಲೆಕ್ಕ ಹಾಕುತ್ತಿದ್ದಾಳೆ ಅಂದುಕೊಂಡಿದ್ದೆ.

ಮೊದಲು ರೇಡಿಯೋ ಗೆಳೆಯರಲ್ಲಿ ಬುದ್ಧಿ ಕೇಳಿದೆ. ನನ್ನ ಸ್ನೇಹಿತನೊಬ್ಬ ಹೀಗೆ ಮಾಡಿದ್ದಾನೆ, ಈಗೇನು ಮಾಡಬೇಕು ಅಂತ. ಅಲ್ಲಿ ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಕೇಳುತ್ತದೆ, ಆ ಭಯದಲ್ಲಿ ಅದೂ ಮರೆತಿತ್ತು. ಅವರಲ್ಲೊಬ್ಬ ಬೇಕರಿಯವನು ಮೊದಲು ಬಾಯಿ ಹಾಕಿ, "ಆ ಸ್ನೇಹಿತಂಗೆ ಹೇಳಿ ಅಣ್ಣ, ನಮ್ಮ ಹತ್ರ ಇಷ್ಟು ಚೆನ್ನಾಗಿ ಮಾತಾಡೋನು ಹೆಂಡ್ತಿ ಹತ್ರ ಯಾಕೆ ಮೂಗನಾದ ಅಂತ" ಎಂದ. ಆಮೇಲೆ ಹಡಗಿನಲ್ಲಿ ಕೆಲಸ ಮಾಡಿದ್ದ ತಾತ, ನಿನ್ನ ಹೆಂಡತಿ ಹುಷಾರಾಗಿದ್ದಾಳೇನಪ್ಪ ಎಂದು ಕೇಳಿದರು. ಸ್ನೇಹಿತನ ಹೆಂಡತಿ ಅನ್ನಲಿಲ್ಲ.

ನಿನ್ನೆ ಶಿಶುವಿಹಾರಕ್ಕೆ ಹೋಗಿ ದೊಡ್ಡ ಮೇಡಂಗೂ ಹೇಳಿದೆ. ಚಿಕ್ಕ ಮಕ್ಕಳ ಕುರ್ಚಿಯಲ್ಲಿ ಕೂತು, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಎಲ್ಲ ಒಪ್ಪಿಸಿದೆ. ಮೇಡಂ ಕನ್ನಡಕ ತೆಗೆದು, ಇದನ್ನು ನಿಮ್ಮ ಹೆಂಡತಿಗೆ ಹೇಳಿದ್ದೀರಾ ಎಂದರು. ಇಲ್ಲ ಎಂದೆ. "ಮತ್ತೆ ನನಗ್ಯಾಕ್ರೀ ಮೊದಲು ಹೇಳ್ತಿದ್ದೀರಿ?" ಎಂದರು. ನಿನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲವಂತೆ. ಬುಧವಾರದೊಳಗೆ ನೀನೊಂದು ಮಾತು ಹೇಳಬೇಕಂತೆ.

ಹೇಳು. ಬರುತ್ತೇನೆ ಎಂದೇ ಹೇಳು. ಸೆಟ್ಟು, ಕೇಬಲ್ಲು, ಆಂಟೆನಾ ಎಲ್ಲ ಕಿತ್ತು ಊಟದ ಮೇಜಿನ ಮೇಲೆ ಹರಡಿದ್ದೇನೆ. ನಾನೂ ಮಗಳೂ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಊಟ ಮಾಡುತ್ತಿದ್ದೇವೆ. ಅದನ್ನು ಏನು ಮಾಡಬೇಕೋ ನೀನು ಬಂದು ಹೇಳು. ಗುಜರಿ ಎಂದರೆ ಗುಜರಿ, ಅದರ ಜೊತೆ ನನ್ನನ್ನೂ. ನಿನ್ನ ತಲೆ ಸರಿಯಾಗಿದೆ. ಮರೆವಿಗೆಂದು ನೀನು ಅಲ್ಲಿ ಗೊತ್ತುಮಾಡಿಕೊಂಡಿರುವ ಆ ನರದ ಡಾಕ್ಟರ ಹತ್ತಿರ ಗುರುವಾರ ಹೋಗಬೇಕಾಗಿಲ್ಲ, ಸುಮ್ಮನೆ ಭಯ ಬೀಳಬೇಡ. ನಿನ್ನ ಬುದ್ಧಿಯ ಮೇಲೆ ನಿನಗೇ ಅನುಮಾನ ಹುಟ್ಟಿಸಿದೆನಲ್ಲ, ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ.

ಬಯ್ಯುವುದಿದ್ದರೆ ಫೋನ್ ಮಾಡಿ ಬೈ. ಕಾಗದಕ್ಕೆ ಕಾಯಿಸಬೇಡ, ತಡೆಯಲಾರೆ.

ಇಂತಿ ನಿನ್ನ,
ರೀ

ವಿ.ಸೂ.: ಇದನ್ನು ಮಡಿಸಿ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಡಾಕ್ಟರ ಹತ್ತಿರ ಹೋಗಬೇಕಾಗಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಓದಲಿಲ್ಲ ಅಂದುಕೋ. ನೀನು ಹೊರಡುವ ಹಿಂದಿನ ವಾರ ಸಂತೆಯಿಂದ ನಡೆದು ಬಂದವಳು ಕೆಳಮನೆಯ ಬಾಗಿಲಿಗೆ ನಮ್ಮ ಕೀಲಿ ಹಾಕಿ ತಿರುಗಿಸುತ್ತಾ ತುಂಬ ಹೊತ್ತು ನಿಂತಿದ್ದೆ. ನಾನು ಮೇಲಿನಿಂದ ನೋಡುತ್ತಿದ್ದೆ. ಮೇಲೆ ಬಂದು ನೀನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನೂ ನನ್ನ ತಲೆಯ ಮೇಲೆ ಹೊತ್ತುಕೊಳ್ಳೋಣ ಎಂದು ಬೆಳಿಗ್ಗೆಯಿಂದ ದಾರಿ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಅದಕ್ಕೂ ನನ್ನ ವಯರಿಗೂ ಸಂಬಂಧವಿಲ್ಲ. ಏನೂ ಇರಲಿಕ್ಕಿಲ್ಲ, ಚೀಲ ಭಾರ ಇತ್ತು, ಬಿಸಿಲಿತ್ತು. ಆದರೂ ಗುರುವಾರ ಹೋಗೋಣ. ಬುಧವಾರದ ಬಸ್ಸಿಗೆ ನಾನೂ ಅಲ್ಲಿಗೆ ಬರುತ್ತೇನೆ. ಈ ಸಲ ನೀನು ಏನು ಕೇಳಿದರೂ "ಇರಬಹುದು" ಎನ್ನುವುದಿಲ್ಲ.