ನಿಮ್ಮ ಹೆಸರಿನ ಲೈಬ್ರರಿಯ ಮೆಟ್ಟಿಲು

ಅಪ್ಪಾಜಿ,

ಇವತ್ತು ನಾನು ಹೊಂಗಡಹಳ್ಳದ ಹೊಸ ಲೈಬ್ರರಿಯ ಮೆಟ್ಟಿಲನ್ನು ಹಾರೆಯಿಂದ ಒಡೆದುಹಾಕಿದೆ.

ಹಳೆಯ ಲೈಬ್ರರಿಯ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದು ನೀವು ತೀರಿಕೊಂಡ ಮೇಲೆ, ಹೊಸದಕ್ಕೆ ನಿಮ್ಮ ಹೆಸರನ್ನೇ ಇಟ್ಟರು. ನೀವು ಕೇಳುತ್ತಲೇ ಇದ್ದ ಇಳಿಜಾರು ದಾರಿಯೂ ಇಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಮೆಟ್ಟಿಲು ಮಾತ್ರ ಇನ್ನೂ ಎತ್ತರ, ನುಣ್ಣನೆಯ ಗ್ರಾನೈಟ್.

ನಿಮ್ಮ ಜೊತೆ ಪೇಪರ್ ಓದುತ್ತಿದ್ದ ಗಿಡ್ಡಯ್ಯನವರು ಉದ್ಘಾಟನೆಗೆ ಬಂದಿದ್ದರು. ಸರಸ್ವತಿ ಇರುವ ಜಾಗವೆಂದು ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು, ಒದ್ದೆ ಪಾದದಲ್ಲೇ ಹತ್ತಿದರು. ಬಿದ್ದ ಸದ್ದು ನನಗೆ ಗೊತ್ತಿದ್ದ ಸದ್ದೇ. ಹಣೆ ಒಡೆದು ಕಲ್ಲಿನ ಮೇಲೆಲ್ಲ ರಕ್ತ.

"ವಯಸ್ಸಾದೋರು ಮನೇಲಿರ್ಬೇಕು ಕಣಮ್ಮ. ಮೆಟ್ಲು ಎತ್ತರ ಇದ್ರೇನೇ ಬಿಲ್ಡಿಂಗಿಗೆ ಲಕ್ಷಣ," ಅಂದ ಪಂಚಾಯ್ತಿ ಅಧ್ಯಕ್ಷ.

ಕೆಲಸದವರ ಹಾರೆ ಅಲ್ಲೇ ಇತ್ತು. ಅವನ ತಲೆಗೇ ಎತ್ತಿದ್ದೆ. "ಬ್ಯಾಡ ಕಣವ್ವ," ಅಂದರು ಗಿಡ್ಡಯ್ಯನವರು, ಬಿದ್ದಲ್ಲಿಂದಲೇ. ಏಟು ಕಲ್ಲಿಗೆ ಬಿತ್ತು. ಅದು ಚೂರುಚೂರಾಗುವವರೆಗೂ ನಾನು ನಿಲ್ಲಿಸಲಿಲ್ಲ.

ತೆರೆದ ಬಾಗಿಲಾಚೆ, ಗೋಡೆಯ ಮೇಲೆ, ಹಾರ ಹಾಕಿದ ನಿಮ್ಮ ಫೋಟೊ ಕಾಣುತ್ತಿತ್ತು. ಮೆಟ್ಟಿಲು ಹತ್ತದೆ ಒಳಗೆ ಹೋದವರು ನೀವೊಬ್ಬರೇ, ಅಪ್ಪಾಜಿ.

ಆಶಾ