ಅರಗಿನ ಮುದ್ರೆ ಬಿದ್ದ ಒರಗುಕುರ್ಚಿಗಳು: ವಾಚನಾಲಯಗಳ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಬಡಾವಣೆಯ ಸಾರ್ವಜನಿಕ ವಾಚನಾಲಯದ ಬಾಗಿಲಿಗೆ ತಾವು ಅಂಟಿಸಿರುವ ಸುತ್ತೋಲೆಯನ್ನು ನಿಂತುಕೊಂಡೇ ಓದಿದೆ. ಕೂತು ಓದುವ ಸೌಲಭ್ಯವನ್ನು ತಮ್ಮ ಕಚೇರಿ ಆಗಲೇ ಹಾಳುಮಾಡಿದ್ದರಿಂದ ಬೇರೆ ದಾರಿ ಇರಲಿಲ್ಲ. “ಒರಗುಕುರ್ಚಿಗಳು ಬೆನ್ನುಮೂಳೆಗೆ ಅಪಾಯಕಾರಿ ಎಂದು ಅನುಭವದಿಂದ ಕಂಡುಬಂದಿರುವ ಕಾರಣ, ಬರುವ ಸೋಮವಾರ ಅವುಗಳನ್ನು ತೆರವುಗೊಳಿಸಿ ಹಳೆಯ ಬೆಂಚುಗಳನ್ನು ಮರಳಿ ಹಾಕಲಾಗುವುದು” ಎಂದು ಅದರಲ್ಲಿದೆ. ಯಾರ ಅನುಭವ ಎಂಬುದನ್ನು ಮಾತ್ರ ಬರೆದಿಲ್ಲ. ಅದು ತಮ್ಮ ಸ್ವಂತ ಅನುಭವ. ಆಗ ನಾನು ಎದುರಿಗೇ ಇದ್ದೆ. ತಪ್ಪು ಮಾಡಿದ್ದು ತಮ್ಮ ಕಚೇರಿಯ ಅರಗಿನ ಮುದ್ರೆ, ಗಡೀಪಾರು ಶಿಕ್ಷೆ ಕುರ್ಚಿಗೆ. ಇದು ಯಾವ ಸೀಮೆಯ ನ್ಯಾಯ ಎಂದು ಕೇಳುವುದಕ್ಕೇ ಈ ಪತ್ರ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ವಿಚಾರಣೆ ಮಾಡಿಸುವ ಶ್ರಮ ತಮಗೆ ಬೇಡ. ಮುಖ್ಯರಸ್ತೆಯಲ್ಲಿ ಕುರ್ಚಿ, ಮಂಚ, ಮೇಜು ಮಾರುವವನು. ಇನ್ನೊಬ್ಬರ ಅಂಗಡಿಯ ಮಂಚಗಳನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಮುಟ್ಟಿಸುತ್ತಾ ಶುರುಮಾಡಿ, ಈಗ ಕೂತು ಮಾರುವ ಮಟ್ಟಕ್ಕೆ ಬಂದಿದ್ದೇನೆ. ವಾಚನಾಲಯಕ್ಕೆ ಈ ಒರಗುಕುರ್ಚಿಗಳನ್ನು ಕೊಟ್ಟವನು ನಾನಲ್ಲ. ಟೆಂಡರು ಎದುರು ಅಂಗಡಿಯವನಿಗೆ ಹೋಯಿತು. ಕುರ್ಚಿಗಳು ಬಂದ ದಿನ ಏನಾದರೂ ಕೊರತೆ ಸಿಕ್ಕೀತೆಂಬ ಆಸೆಯಿಂದ ಒಂದೊಂದನ್ನೂ ತಡವಿದೆ, ಒರಗಿದೆ, ಮಂಡಿಯೂರಿ ಅಡಿಯಿಂದಲೂ ಇಣುಕಿದೆ. ಹಾಳಾದ್ದು, ಏನೂ ಸಿಗಲಿಲ್ಲ. ಸೊಂಟ ಕೂರುವ ಕಡೆ ಹದವಾದ ಉಬ್ಬು, ಕಾಲಿಗೆ ಆಸರೆ, ಪಕ್ಕದಲ್ಲಿ ಬೆರಳಿಗೆ ಸಿಗುವ ಹಾಗೆ ಹಿಡಿ. ಹಿಡಿ ಎಳೆದರೆ ಎಷ್ಟು ಬೇಕೋ ಅಷ್ಟು ಒರಗುತ್ತದೆ, ಮತ್ತೆ ಎಳೆದರೆ ನೇರವಾಗುತ್ತದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಅಂಥ ನನ್ನ ಬಾಯಿಂದಲೇ ಅವನ ಮಾಲನ್ನು ಊರೆದುರು ಹೊಗಳಿಸುವ ಸ್ಥಿತಿ ತಂದಿಟ್ಟಿದ್ದೀರಿ. ಅದಕ್ಕೆ ಬೇರೆಯೇ ದೂರು ಕೊಡಬೇಕು. ಆಮೇಲೆ ನೋಡೋಣ.

ಒರಗುಕುರ್ಚಿ ಎಂದರೆ ಸೋಮಾರಿಗಳ ಸಾಮಾನು ಎಂದು ತಾವು ಭಾವಿಸಿರಬಹುದು. ಹಾಗಿದ್ದರೆ ನನ್ನ ಅಕ್ಕನ ವಿಷಯ ಕೇಳಿ. ಅವಳು ದರ್ಜಿ. ವಯಸ್ಸೆಲ್ಲಾ ಹೊಲಿಗೆ ಯಂತ್ರದ ಮೇಲೆ ಬಗ್ಗಿಯೇ ಕಳೆದವಳು. ಊರಿನವರ ಬಟ್ಟೆ ನೇರವಾಯಿತು, ಅವಳ ಬೆನ್ನು ಸೊಟ್ಟಗಾಯಿತು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮನ ಬಳಿ ಅವಳನ್ನು ಕರೆದುಕೊಂಡು ಹೋದವನು ನಾನೇ.

“ನೆಟ್ಟಗೆ ಕೂತೇ ಇದ್ರೆ ಮೈಭಾರ ಎಲ್ಲಾ ಸೊಂಟದ ಮೇಲೇ ಬೀಳುತ್ತೆ. ಸ್ವಲ್ಪ ಹಿಂದಕ್ಕೆ ಒರಗಿ, ಅದರಲ್ಲಿ ಒಂದು ಪಾಲು ಕುರ್ಚಿ ಹೊರಲಿ,” ಎಂದರು ಡಾಕ್ಟರಮ್ಮ. “ಆದ್ರೆ ಸೊಂಟದ ಹಿಂದೆ ಖಾಲಿ ಬಿಡಬೇಡಿ, ಅಲ್ಲಿ ಆಸರೆ ಬೇಕು. ಮತ್ತೆ ಒಂದೇ ಭಂಗೀಲಿ ಬಹಳ ಹೊತ್ತು ಇರಬೇಡಿ. ಎದ್ದು ಓಡಾಡಿ, ಬೇಕಾದ್ರೆ ಮತ್ತೆ ಬಂದು ಕೂತ್ಕೊಳ್ಳಿ.”

“ಅಂದ್ರೆ ಕೂರಬೇಕು, ಆದ್ರೆ ಕೂತೇ ಇರಬಾರದು,” ಎಂದಳು ಅಕ್ಕ.

“ಅಷ್ಟೇ ನೋಡಿ.”

“ಇದನ್ನ ನಮ್ಮ ತಮ್ಮನ ಅಂಗಡೀಲಿ ಬೋರ್ಡು ಬರೆಸಿ ಹಾಕಬೇಕು. ಬಂದವರನ್ನ ಕೂರಿಸಿದ್ರೆ ಏಳೋಕೇ ಬಿಡಲ್ಲ ಇವನು.”

ಕುರ್ಚಿ ಮಾರುವವನ ಅಕ್ಕನಿಗೆ ಮನೆಯಲ್ಲೊಂದು ಒರಗುಕುರ್ಚಿ ಇಲ್ಲವೇ ಎಂದು ತಾವು ಕೇಳುತ್ತೀರಿ. ತಂದು ಹಾಕಿದ್ದೆ. ಅದರ ಮೇಲೆ ಈಗ ಒಗೆದ ಬಟ್ಟೆ ಒರಗಿಕೊಂಡಿರುತ್ತದೆ. “ಮನೇಲಿ ಹಿಂದಕ್ಕೆ ಒರಗಿದ್ರೆ ರೋಗಿ ಅಂತಾರೆ ಕಣೋ. ಅಲ್ಲಿ ಒರಗಿದ್ರೆ ಓದೋಳು ಅಂತಾರೆ,” ಎನ್ನುವುದು ಅವಳ ವಾದ. ಹಾಗಾಗಿ ದಿನಾ ಮಧ್ಯಾಹ್ನ ವಾಚನಾಲಯಕ್ಕೆ ಹೋಗುತ್ತಿದ್ದಳು. ಕಿಟಕಿ ಪಕ್ಕದ ಕುರ್ಚಿ, ಕೈಯಲ್ಲಿ ದಪ್ಪದೊಂದು ಕಾದಂಬರಿ. ಅಧ್ಯಾಯ ಮುಗಿದಾಗ ಹಿಡಿ ಎಳೆದು ತಾನೇ ಏಳುವುದು, ಕಪಾಟುಗಳ ನಡುವೆ ಒಂದು ಸುತ್ತು ಹಾಕುವುದು, ಮತ್ತೆ ಬಂದು ಒರಗುವುದು. ಅವಳ ಮುಖದಲ್ಲಿ ಆ ದಿನಗಳಲ್ಲಿದ್ದ ಗೆಲುವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ತಮ್ಮ ಕಚೇರಿಯಿಂದ ದಾಸ್ತಾನು ಪರಿಶೀಲನೆಗೆ ಒಬ್ಬ ಗುಮಾಸ್ತರು ಬಂದರು. ಕೆಲಸದಲ್ಲಿ ಬಹಳ ನಿಷ್ಠೆ. ಪ್ರತಿ ಕುರ್ಚಿಯೂ ಪೂರ್ತಿ ಹಿಂದಕ್ಕೆ ಬಾಗುತ್ತದೆಯೇ ಎಂದು ಬಾಗಿಸಿ ನೋಡಿದರು. ಬಾಗಿತು. ಪರಿಶೀಲಿಸಿದ ವಸ್ತುವನ್ನು ಪರಿಶೀಲಿಸಿದ ಸ್ಥಿತಿಯಲ್ಲೇ ಕಾಯ್ದಿಡಬೇಕು ಎಂಬುದು ತಮ್ಮ ಇಲಾಖೆಯ ನಿಯಮವಂತೆ. ಹಾಗಾಗಿ ಹಿಡಿಗಳಿಗೆ ದಾರ ಸುತ್ತಿ, ಗಂಟಿನ ಮೇಲೆ ಕೆಂಪು ಅರಗು ಸುರಿದು, ಸರ್ಕಾರಿ ಮುದ್ರೆ ಒತ್ತಿ ಹೊರಟುಹೋದರು. ಸಾಲು ಕುರ್ಚಿಗಳೆಲ್ಲ ಮಲಗಿದಲ್ಲೇ ಉಳಿದವು. ಮುದ್ರೆ ಒತ್ತಿದವರೇ ಅದನ್ನು ಒಡೆಯಬೇಕು ಎಂಬುದು ಇನ್ನೊಂದು ನಿಯಮವಂತೆ. ಅವರಿಗೆ ಮರುವಾರವೇ ವರ್ಗವಾಯಿತು. ತಮ್ಮ ಇಲಾಖೆಯಲ್ಲಿ ಚುರುಕಾಗಿ ಸಾಗುವ ಕೆಲಸ ವರ್ಗಾವಣೆಯೊಂದೇ.

ಆಮೇಲಿನ ದೃಶ್ಯವನ್ನು ತಾವು ನೋಡಬೇಕಿತ್ತು. ಹಲ್ಲು ಕೀಳಿಸಿಕೊಳ್ಳಲು ಸಾಲಾಗಿ ಬಾಯಿ ತೆರೆದು ಮಲಗಿದವರಂತೆ ನಮ್ಮ ಬಡಾವಣೆಯ ಓದುಗರು. ಅಂಗಾತ ಮಲಗಿ ಪತ್ರಿಕೆ ಓದಲು ಕೈ ಮೇಲೆತ್ತಬೇಕು. ಕೈ ಸೋತರೆ ತಲೆ ಎತ್ತಬೇಕು, ಕತ್ತು ಹಿಡಿಯುತ್ತದೆ. ಕತ್ತನ್ನು ಉಳಿಸಿಕೊಳ್ಳಲು ಕೆಳಕ್ಕೆ ಜಾರಿದರೆ ಸೊಂಟ ಆ ಉಬ್ಬಿನಿಂದ ತಪ್ಪಿಕೊಂಡು ಟೊಳ್ಳಿನ ಮೇಲೆ ತೂಗುತ್ತದೆ. ಬೆನ್ನಿಗೆ ಆಸರೆಯಾಗಲೆಂದು ಮಾಡಿದ ಕುರ್ಚಿ ಅರಗಿನ ಒಂದು ಹನಿಯಿಂದ ಬೆನ್ನಿನ ಶತ್ರುವಾಯಿತು. ನಿದ್ದೆ ಮಾಡುವವರಿಗೆ ಮಾತ್ರ ತಕರಾರಿರಲಿಲ್ಲ. ಅವರ ಸಂಖ್ಯೆ ಏರಿತು. ವಾಚನಾಲಯದ ಜನಪ್ರಿಯತೆ ಹೆಚ್ಚಿದೆ ಎಂದು ತಾವು ವರದಿ ಕಳಿಸಿದ್ದರೆ ಅದನ್ನು ಸುಳ್ಳೆನ್ನಲಾಗದು.

ಮುದ್ರೆ ಬಿದ್ದ ಮರುದಿನವೂ ಅಕ್ಕ ಕಿಟಕಿ ಪಕ್ಕದ ಕುರ್ಚಿಗೇ ಹೋದಳು. ಒರಗಿದಳು. ಏಳಲು ಆಗಲಿಲ್ಲ. ಸದ್ದು ಮಾಡಬೇಡಿ ಎಂದು ಕೂಗಿ ಕೂಗಿ ಸದ್ದಣ್ಣ ಎಂದೇ ಹೆಸರಾದ ಅಲ್ಲಿನ ಮೇಲ್ವಿಚಾರಕರು ಒಂದು ಕಡೆ, ಯಾರೋ ಗುರುತಿಲ್ಲದ ಗಂಡಸು ಇನ್ನೊಂದು ಕಡೆ, ರಟ್ಟೆ ಹಿಡಿದು ಎಳೆದು ನಿಲ್ಲಿಸಿದರು. ಮನೆಗೆ ಬಂದವಳು ಬಾಗಿಲಲ್ಲೇ ನಿಂತು ನನಗೆ ಹೇಳಿದಳು:

“ಓದೋಕೆ ಹೋದೋಳನ್ನ ಗಾಡಿಯಿಂದ ಸಾಮಾನು ಇಳಿಸೋ ಹಾಗೆ ಇಳಿಸಿದ್ರು ಕಣೋ. ನನ್ನನ್ನ ಎತ್ತೋಕೆ ಇಬ್ಬರು ಬೇಕು ಅಂದ್ರೆ ಆ ಕುರ್ಚಿ ನಂಗೆ ಬೇಡ.”

ಅಂದಿನಿಂದ ಅವಳು ಆ ಕಡೆ ಹೋಗಿಲ್ಲ. ಅವಳ ಕಾದಂಬರಿ ಕಪಾಟಿನಲ್ಲೇ ಇದೆ. ಓದು ನಿಂತ ಪುಟದಲ್ಲಿ ಗುರುತಿಗಿಟ್ಟ ನೀಲಿ ಬಟ್ಟೆಯ ತುಂಡೂ ಇದೆ. ನಾನು ಆಗಾಗ ಹೋಗಿ ನೋಡಿ ಬರುತ್ತೇನೆ. ಹಿಡಿಯನ್ನು ತಾನೇ ಎಳೆದು ತಾನೇ ಏಳುವುದು ತಮಗೆ ಚಿಕ್ಕ ವಿಷಯ. ಬೆನ್ನು ಮಾತು ಕೇಳದವರಿಗೆ ಅದೇ ಇಡೀ ದಿನದ ಮರ್ಯಾದೆ.

ಇನ್ನು ತಮ್ಮ ಅನುಭವದ ವಿಷಯ. ತಾವು ತಪಾಸಣೆಗೆ ಬಂದಿರಿ, ಫೋಟೋದವರೂ ಬಂದಿದ್ದರು. ಕುರ್ಚಿಯಲ್ಲಿ ಒರಗಿ ಕೈಯಲ್ಲೊಂದು ಪುಸ್ತಕ ಹಿಡಿದಿರಿ. ಪುಸ್ತಕ ತಲೆಕೆಳಗಾಗಿತ್ತು, ಆದರೆ ಅದನ್ನು ಇಲ್ಲಿ ಎತ್ತುವುದಿಲ್ಲ. ಫೋಟೋ ಆಯಿತು. ಏಳಲು ಹೊರಟ ತಮ್ಮ ಕೈ ಹಿಡಿಯ ಕಡೆ ಹೋಯಿತು.

“ಸಾರ್, ಅದನ್ನ ಮುಟ್ಟೋ ಹಾಗಿಲ್ಲ, ಸೀಲಾಗಿದೆ,” ಎಂದರು ಸದ್ದಣ್ಣ.

“ಯಾರ್ರೀ ಸೀಲು ಹಾಕಿದ್ದು?”

“ತಮ್ಮ ಆಫೀಸೇ ಸಾರ್.”

ಪಕ್ಕದ ಕುರ್ಚಿಯಲ್ಲಿ ಮುಖದ ಮೇಲೆ ಪತ್ರಿಕೆ ಹೊದ್ದು ಮಲಗಿದ್ದ ಹಿರಿಯರು ಅದನ್ನು ಸರಿಸದೆಯೇ ಸಲಹೆ ಕೊಟ್ಟರು: “ಮೊದಲು ಕಾಲು ಬದಿಗೆ ಹಾಕಿ ಉರುಳಿ ಸಾರ್. ನಾವೆಲ್ಲ ಹಾಗೇ ಇಳಿಯೋದು.”

ತಾವು ಉರುಳಲಿಲ್ಲ. ಹುದ್ದೆಯ ಘನತೆ ಅಡ್ಡ ಬಂದಿರಬೇಕು. ತಮ್ಮ ಕಾರಿನ ಚಾಲಕನೂ ಸದ್ದಣ್ಣನೂ ಎಳೆದರು, ತಮ್ಮ ಸೊಂಟ ಚಳಕ್ಕೆಂದಿತು, ಮೂರನೆಯ ದಿನ ಸುತ್ತೋಲೆ ಬಂತು. ಮನೆಗೆ ಬೀಗ ಜಡಿದವರೇ, ಒಳಗೆ ಹೋಗಲಾಗುತ್ತಿಲ್ಲವೆಂದು ಮನೆ ಕೆಡವಿಸಲು ಹೊರಟರೆ ಏನನ್ನೋಣ?

ನಾನು ವ್ಯಾಪಾರಿ, ಲಾಭದ ಪಕ್ಕದಲ್ಲೇ ನಷ್ಟವನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒರಗುಕುರ್ಚಿ ಔಷಧವಲ್ಲ. ಬೆಳಗಿನಿಂದ ಸಂಜೆಯವರೆಗೆ ಅದರಲ್ಲೇ ಬಿದ್ದುಕೊಂಡವರ ಬೆನ್ನು ಇನ್ನಷ್ಟು ಸೊರಗುತ್ತದೆ. ತೀರಾ ಮೆತ್ತಗಿದ್ದು ಸೊಂಟವನ್ನೇ ನುಂಗುವ ಕುರ್ಚಿಗಳೂ ಇವೆ. ನನ್ನ ಅಂಗಡಿಯಲ್ಲೂ ಒಂದೆರಡಿವೆ, ಗಿರಾಕಿಗಳಿಗೆ ಅವೇ ಇಷ್ಟ. ಆದರೆ ತಾವು ಮರಳಿ ತರುವ ಬೆಂಚುಗಳಿಗೆ ಬೆನ್ನು ಆನಿಸಲು ಒಂದು ಹಲಗೆಯಾದರೂ ಇದೆಯೇ? ಅವುಗಳ ಮೇಲೆ ಅಕ್ಕ ಅರ್ಧ ಅಧ್ಯಾಯ ಕೂಡ ಕೂರಲಾರಳು. ಬೆನ್ನಿನ ಹೆಸರು ಹೇಳಿ ಬೆನ್ನಾಸರೆಯನ್ನೇ ಕಿತ್ತುಕೊಳ್ಳುವ ಕಾಳಜಿ ನಮಗೆ ಬೇಡ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ, ದಾರಗಳನ್ನು ಬಿಡಿಸಿ, ಕುರ್ಚಿಗಳನ್ನು ಇದ್ದಲ್ಲೇ ಬಿಡಿ. ತಮಗೆ ಪುರುಸೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಸುತ್ತೋಲೆಯ ಸುದ್ದಿ ಹೇಳಿದಾಗ ಅಕ್ಕ ಎದ್ದುಹೋಗಿ ತನ್ನ ಹಳೆಯ ಕತ್ತರಿಯನ್ನು ಹುಡುಕಿ ತಂದಳು.

“ಸರ್ಕಾರಿ ಮುದ್ರೆ ಒಡೆಯೋದು ಅಪರಾಧ ಕಣಕ್ಕಾ,” ಎಂದೆ.

“ನಾನ್ಯಾಕೆ ಮುದ್ರೆ ಒಡೀಲಿ? ದಾರ ಕತ್ತರಿಸ್ತೀನಿ. ಜೀವನಪೂರ್ತಿ ಮಾಡಿದ್ದು ಅದೇ ಕೆಲಸ.”

ಸೋಮವಾರ ತಮ್ಮ ಲಾರಿ ಬರುವ ಮುಂಚೆ, ಬಾಗಿಲು ತೆರೆಯುವ ಹೊತ್ತಿಗೇ ಅವಳು ಅಲ್ಲಿರುತ್ತಾಳೆ. ಕಿಟಕಿ ಪಕ್ಕದ ಕುರ್ಚಿಯ ದಾರ ಕತ್ತರಿಸಿ, ಅರಗಿನ ಮುದ್ರೆಯನ್ನು ಒಂದು ಚೂರೂ ಮುಕ್ಕಾಗದಂತೆ ತಮಗೆ ಒಪ್ಪಿಸಲು ಎತ್ತಿಟ್ಟು, ನೀಲಿ ಬಟ್ಟೆಯಿರುವ ಪುಟ ತೆರೆದು ಓದುತ್ತಾಳೆ. ತಾವು ಕ್ರಮ ಕೈಗೊಳ್ಳಲು ದಯವಿಟ್ಟು ಬರಬೇಕು. ಒಂದೇ ವಿನಂತಿ: ಅವಳು ಅಧ್ಯಾಯ ಮುಗಿಸುವವರೆಗೆ ಕಾಯಿರಿ. ಆಮೇಲೆ ಅವಳು ಯಾರ ಕೈಯನ್ನೂ ಹಿಡಿಯದೆ ಎದ್ದು, ಆ ಕುರ್ಚಿಯನ್ನು ತಮಗೆ ಬಿಟ್ಟುಕೊಡುತ್ತಾಳೆ. ಪಂಚನಾಮೆಯನ್ನು ಅದರಲ್ಲೇ ಕೂತು, ಬೆನ್ನು ಆನಿಸಿ, ಆರಾಮವಾಗಿ ಬರೆಯಿರಿ. ಏಳುವಾಗ ಹಿಡಿ ಬಲಗಡೆಗಿದೆ.

ಇಂತಿ,
ಎದುರು ಅಂಗಡಿಯವನ ಮಾಲಿನ ಪರವಾಗಿ ಪುಕ್ಕಟೆ ವಕಾಲತ್ತು ವಹಿಸಬೇಕಾಗಿ ಬಂದ,
ಟೆಂಡರು ಸಿಗದ ಕುರ್ಚಿ ವ್ಯಾಪಾರಿ