ಕೆಮ್ಮಣ್ಣಿನ ಗೆರೆ

ಅರಸೀಕೆರೆ
೫-೮-೨೦೦೪

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕ, ಕೂಸು ಇಬ್ಬರೂ ಚೆನ್ನಾಗಿದ್ದಾರೆ ತಾನೆ? ಬಾಣಂತಿಗೆ ನೀರು ಕಾಯಿಸುವ ಭರದಲ್ಲಿ ನಿನ್ನ ಮಾತ್ರೆ ಮರೆಯಬೇಡ. ಇಲ್ಲಿ ಅಪ್ಪ ಎರಡು ದಿನ ಮೂರು ಹೊತ್ತೂ ಉಪ್ಪಿಟ್ಟು ಮಾಡಿ, ತಾವೇ ಬೇಸತ್ತು ಹಾರನಹಳ್ಳಿ ಅತ್ತೆಯ ಮನೆಗೆ ಊಟಕ್ಕೆ ಹೊರಟುಹೋದರು. ನಾನು ಲ್ಯಾಬಿನಿಂದ ಬಂದು ವಾರವಾಯಿತು. ಫೋನು ಮಾಡಬಹುದಿತ್ತು. ಆದರೆ ಅಕ್ಕನ ಮನೆಯ ಫೋನು ನಡುಮನೆಯಲ್ಲಿದೆ, ಭಾವ ಪಕ್ಕದಲ್ಲೇ ಕೂತಿರುತ್ತಾರೆ, ನಾನು ಅತ್ತರೆ ನೀನೂ ಅಲ್ಲೇ ಅಳುತ್ತೀಯ.

ಐದು ವರ್ಷದಿಂದ ಏನು ಮಾಡುತ್ತೀಯೆಂದು ನೀನು ಕೇಳಿದಾಗಲೆಲ್ಲ ಕರ್ಪೂರ ಸುಡ್ತೀನಿ ಎನ್ನುತ್ತಿದ್ದೆ. "ನಾನೂ ದಿನಾ ಸುಡ್ತೀನಿ, ನಂಗ್ಯಾರೂ ಡಾಕ್ಟ್ರು ಅನ್ನಲ್ವಲ್ಲೇ" ಎಂದು ನಗುತ್ತಿದ್ದೆ ನೀನು. ನಿಜಕ್ಕೂ ಅಷ್ಟೇ ಕೆಲಸ. ಬೆರಳುದ್ದದ ಪಿಂಗಾಣಿ ದೋಣಿಯನ್ನು ಕುಲುಮೆಯೊಳಗಿಟ್ಟು, ಒಂಬೈನೂರು ಡಿಗ್ರಿಗೆ ಕಾಯಿಸಿ, ಗಾಳಿ ತಾಕದಂತೆ ಕರ್ಪೂರದ ಆವಿ ಹಾಯಿಸಿದರೆ ದೋಣಿಯಲ್ಲಿ ಕಪ್ಪು ಪುಡಿ ಕೂರುತ್ತದೆ. ಮೂರು ವರ್ಷದ ಹಿಂದೆ, ದಸರಾ ಕಳೆದ ಮೇಲೆ, ಎರಡು ದೋಣಿಗಳ ಪುಡಿಯಲ್ಲಿ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಇಂಗಾಲದ ನಳಿಕೆಗಳು ಸಿಕ್ಕವು. ಕಬ್ಬಿಣ ಹಾಕಿ ಅವನ್ನು ಬೆಳೆಸುವುದು ಎಲ್ಲರಿಗೂ ಗೊತ್ತಿತ್ತು. ಯಾವ ಲೋಹವೂ ಇಲ್ಲದೆ ಬೆಳೆಸಿದೆ ಎಂಬುದೇ ನನ್ನ ಥೀಸಿಸ್. ಆ ಎರಡು ದೋಣಿ ಸೀಳಿಹೋದ ಮೇಲೆ ಹೊಸ ದೋಣಿಗಳಲ್ಲಿ ಬಂದದ್ದು ಬರೀ ಮಸಿ. ಈಗ ಪರೀಕ್ಷಕರು ಕೇಳಿದ್ದಾರೆ, ಫೋಟೊದಲ್ಲಿ ನಳಿಕೆಗಳ ತುದಿಯಲ್ಲಿರುವ ಕಪ್ಪು ಚುಕ್ಕಿ ಕಬ್ಬಿಣದ ಕಾರ್ಬೈಡ್ ಇದ್ದಂತಿದೆ, ಕಬ್ಬಿಣ ಎಲ್ಲಿಂದ ಬಂತು ಎಂದು. ನನ್ನ ಗೈಡ್ ಇಂದುಧರ ಸರ್, ಉತ್ತರ ಹುಡುಕು, ಇಲ್ಲವೇ ಥೀಸಿಸ್ ವಾಪಸ್ ತೆಗೆದುಕೋ ಎಂದು ಹೇಳಿ ಕಳಿಸಿದರು.

ಮೊನ್ನೆ ದೇವರ ಗೂಡು ಒರೆಸುವಾಗ ನೀನು ಕುಂಕುಮ ಇಡುವ ಪುಟ್ಟ ಬಟ್ಟಲು ಕೈಗೆ ಬಂತು. ನೋಡಿದರೆ ನನ್ನದೇ ದೋಣಿ, ಅಂಚಿಗೆಲ್ಲ ಕೆಮ್ಮಣ್ಣಿನ ಗೆರೆ! ಆ ವರ್ಷ ಬೆಂಗಳೂರಿನಲ್ಲಿ ಮೂರು ದೋಣಿ ಕೊಂಡು ಆಯುಧಪೂಜೆಗೆಂದು ನೇರ ಮನೆಗೆ ಬಂದಿದ್ದೆನಲ್ಲ. ನೀನು ಹೊಸಿಲಿಗೂ ಮೊರಕ್ಕೂ ಕೆಮ್ಮಣ್ಣು ಬಳಿದ ಕೈಯಲ್ಲೇ ಅವಕ್ಕೂ ಬಳಿದು, "ಅವೂ ನಿನ್ನ ಆಯುಧಾನೇ ಕಣೇ, ಪೂಜೆ ಮಾಡ್ದೆ ಕಳಿಸಬಾರ್ದು" ಎಂದು ಒಂದನ್ನು ನೀನಿಟ್ಟುಕೊಂಡು ಎರಡನ್ನು ಒರೆಸಿ ಕೊಟ್ಟಿದ್ದೆ. ಕೆಮ್ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ ಅಮ್ಮಾ, ನಳಿಕೆ ಬೆಳೆಸಿದ್ದೂ ಅದೇ. ಅಲ್ಲಿಗೆ ಎಲ್ಲ ಮುಗಿಯಿತು. ಫೆಲೋಶಿಪ್ ಮಾರ್ಚಿಗೇ ನಿಂತಿದೆ, ಮತ್ತೆ ಮೊದಲಿನಿಂದ ಶುರುಮಾಡುವ ಶಕ್ತಿ ನನಗಿಲ್ಲ. ನಿನ್ನ ಮೇಲೆ ಸಿಟ್ಟಾದರೂ ಬರಲಿ ಎಂದು ಎರಡು ದಿನ ಕಾದೆ, ಅದೂ ಬರಲಿಲ್ಲ.

ಅಕ್ಕ, ಭಾವನಿಗೆ ನನ್ನ ನೆನಪು ಹೇಳು. ಕೂಸಿನ ಕೆನ್ನೆಗೆ ಚಿಕ್ಕಮ್ಮನದೊಂದು ಮುತ್ತು ಕೊಡು. ನೋಯುವ ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿನ್ನ ಮಗಳು,
ಶ್ಯಾಮಲಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಥೀಸಿಸ್ ವಾಪಸ್ ತೆಗೆದುಕೊಳ್ಳುತ್ತೇನೆಂದು ಸರ್‌ಗೆ ಬರೆದ ಕಾಗದವನ್ನೂ ಇದರ ಜೊತೆಗೇ ಡಬ್ಬಿಗೆ ಹಾಕುತ್ತೇನೆ. ಅದರಲ್ಲಿ ನಿನ್ನ ವಿಷಯ ಎತ್ತಿಲ್ಲ, ದೋಣಿ ತೊಳೆಯದ ತಪ್ಪು ನನ್ನದೆಂದು ಬರೆದಿದ್ದೇನೆ. ನಿನಗೋಸ್ಕರ ಸುಳ್ಳು ಹೇಳಿದಳು ಎಂದುಕೊಳ್ಳಬೇಡ. ಲ್ಯಾಬಿನಲ್ಲಿ ಪೊಟ್ಟಣ ಬಿಚ್ಚಿದಾಗಲೇ ಅಂಚಿನಲ್ಲಿ ಉಳಿದಿದ್ದ ಕೆಂಪು ನನಗೆ ಕಂಡಿತ್ತು, ಮೊನ್ನೆಯವರೆಗೆ ಅದು ಮರೆತೇಹೋಗಿತ್ತು. ಆಸಿಡ್ ಬಾಟಲಿ ಪಕ್ಕದಲ್ಲೇ ಇತ್ತು. ನೀನು ಬಳಿದದ್ದು ಅಂತ ತೊಳೆಯಲು ಮನಸ್ಸಾಗಲಿಲ್ಲ.